ಟೆಕ್ಸಸ್‌ನ ಐದನೇ ಗ್ಯಾದರ್‌ಕೋಲ್ ಮನೆ

ನಾನು ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದ ಎರಡನೇ ವರ್ಷ ಪರಿಚಯವೇ ಇಲ್ಲದ ಒಬ್ಬ ಮುದುಕರಿಂದ ನನಗೆ ಕಾಗದ ಬಂತು. ತೊಂಬತ್ತರ ದಶಕ ಆಗ ಮುಗಿಯುತ್ತಾ ಬಂದಿತ್ತು. ಲಕೋಟೆಯ ಮೇಲೆ ನನ್ನ ಮನೆತನದ ಹೆಸರನ್ನು ಒಂದಕ್ಷರವೂ ತಪ್ಪದೆ ಬರೆದಿದ್ದರು. ಒಳಗಿನ ಕಾಗದ ‘ಪ್ರೀತಿಯ ಕಸಿನ್’ ಎಂದು ಶುರುವಾಗಿತ್ತು.

ನಮ್ಮ ಮನೆತನದ ಹೆಸರು ಗ್ಯಾದರ್‌ಕೋಲ್. ತುಮಕೂರಿನ ಕ್ರೈಸ್ತರಲ್ಲಿ ಇಂಗ್ಲಿಷ್ ಹೆಸರಿನವರು ಇನ್ನೂ ಕೆಲವರಿದ್ದರು, ಆದರೆ ಅವೆಲ್ಲ ಯಾರ ಬಾಯಲ್ಲೂ ಸಲೀಸಾಗಿ ಹೊರಳುವಂಥವು. ನಮ್ಮದು ಹಾಗಲ್ಲ. ಅಜ್ಜ ಸ್ಕೂಲ್ ಮೇಷ್ಟ್ರು, ಕೈಯಲ್ಲಿ ಯಾವಾಗಲೂ ಹುಣಸೆ ಬರಲು. ಅವರ ಏಟಿಗೆ ಹುಡುಗರ ಅಂಗೈಯಲ್ಲಿ ಗಾದರಿ ಏಳುತ್ತಿತ್ತಂತೆ. ಹಾಗಾಗಿ ಊರಿನವರು ಅದನ್ನು ‘ಗಾದರಿಕೋಲು’ ಎಂದೇ ಕೇಳಿಸಿಕೊಂಡರು, ಹಾಗೆಯೇ ಕರೆದರು. ನಮ್ಮದು ಗಾದರಿಕೋಲು ಮೇಷ್ಟ್ರ ಮನೆ. ನಾನು ಹೈಸ್ಕೂಲಿಗೆ ಬರುವವರೆಗೂ ಅದು ಅಜ್ಜನ ಬರಲಿನಿಂದ ಬಂದ ಹೆಸರೇ ಎಂದು ನಂಬಿದ್ದೆ. ಅದು ಇಂಗ್ಲಿಷ್ ಹೆಸರು ಎಂದು ಗೊತ್ತಾದ ಮೇಲೆ ನಮ್ಮ ಸೋದರತ್ತೆಯ ಬೆಕ್ಕಿನ ಕಣ್ಣು ನೋಡಿ ನಮ್ಮ ವಂಶದಲ್ಲಿ ಯಾರೋ ಬಿಳಿಯನಿದ್ದನೇನೋ ಎಂಬ ಅನುಮಾನ ನನಗೆ ಹುಟ್ಟಿತು. ಅಪ್ಪನನ್ನು ಕೇಳಿದೆ. ಅಪ್ಪ ಅಂಚೆ ಕಚೇರಿಯಲ್ಲಿದ್ದವರು, ಊರಿನ ಎಲ್ಲರ ಹೆಸರು, ವಿಳಾಸ ಬಾಯಿಪಾಠ ಇದ್ದವರು. ನನ್ನ ಪ್ರಶ್ನೆಗೆ ಮಾತ್ರ, “ಹೆಸರು ಕರೆಯೋಕೆ ಇರೋದು, ಅಷ್ಟೆ. ಹೋಗಿ ಓದ್ಕೋ” ಎಂದರು. ಎರಡನೇ ಸಲ ಕೇಳುವ ಧೈರ್ಯ ನನಗಾಗಲಿಲ್ಲ. ಆದರೆ ಅನುಮಾನ ಮಾತ್ರ ಹೋಗಲಿಲ್ಲ.

ಕಾಗದ ಬರೆದವರು ಹ್ಯೂಸ್ಟನ್ ಹತ್ತಿರದ ಕ್ಲಿಯರ್ ಲೇಕ್‌ನವರು. ಎಂಜಿನಿಯರ್ ಆಗಿ ನಿವೃತ್ತರಾದವರು. ಅವರದ್ದೂ ಅದೇ ಹೆಸರು. ಲೈಬ್ರರಿಯಲ್ಲಿ ಕೂತು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಟೆಲಿಫೋನ್ ಡೈರೆಕ್ಟರಿ ನೋಡಿದ್ದಾರೆ. ಟೆಕ್ಸಸ್‌ನಲ್ಲಿ ನಾಲ್ಕೇ ಗ್ಯಾದರ್‌ಕೋಲ್ ಮನೆಗಳು ಅವರಿಗೆ ಗೊತ್ತಿದ್ದವು, ಈ ವರ್ಷ ಐದನೆಯದು ಕಾಣಿಸಿದೆ, ಅದು ನನ್ನದು. ನೀವು ಯಾವ ಕವಲಿನವರು, ನಿಮ್ಮ ಅಜ್ಜ ಇಂಗ್ಲೆಂಡಿನ ಯಾವ ಊರು ಬಿಟ್ಟು ಬಂದರು ಎಂದು ಕೇಳಿದ್ದರು.

ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಧಾರವಾಡದವಳು. ಫೋನ್ ಕನೆಕ್ಷನ್ ನನ್ನ ಹೆಸರಿನಲ್ಲಿ ತೆಗೆದುಕೊಳ್ಳೋಣ ಅಂದವಳೇ ಅವಳು. ಅವಳ ಅಡ್ಡಹೆಸರನ್ನು ಕಂಪನಿಯವರಿಗೆ ಅಕ್ಷರ ಬಿಡಿಸಿ ಹೇಳುವುದರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಅವಳು ತೀರ್ಪು ಕೊಟ್ಟಳು.

“ಇದು ಮೋಸ ಐತಿ ನೋಡು. ಮೊದಲ ಕಸಿನ್ ಅಂತಾರ, ಆಮ್ಯಾಲೆ ಬ್ಯಾಂಕ್ ನಂಬರ್ ಕೇಳ್ತಾರ. ಉತ್ತರ ಬರೀಬ್ಯಾಡ.”

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹಿಂದಿನ ತಿಂಗಳಷ್ಟೇ ನನಗೆ ಅಂಥದ್ದೇ ಇನ್ನೊಂದು ಟಪಾಲು ಬಂದಿತ್ತು. ಅದರಲ್ಲಿ ಸಿಂಹ, ಗುರಾಣಿ ಅಚ್ಚು ಮಾಡಿ, ‘ನಿಮ್ಮ ಮನೆತನದ ಭವ್ಯ ಇತಿಹಾಸ’ ಕೊಳ್ಳಿ ಎಂದು ಬರೆದಿದ್ದರು. ನಾನು ಉತ್ತರ ಬರೆಯಲಿಲ್ಲ. ಕಾಗದವನ್ನು ಹರಿಯಲೂ ಇಲ್ಲ.

ಓದು ಮುಗಿದ ಮೇಲೆ ಡಲ್ಲಾಸ್ ಕಡೆ ಕೆಲಸ ಸಿಕ್ಕಿತು. ಕಟ್ಟಡ ಕಟ್ಟುವ ಮೊದಲು ಮಣ್ಣು ಪರೀಕ್ಷೆ ಮಾಡುವ ಒಂದು ಸಣ್ಣ ಕಂಪನಿ. ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ ಅಪಾರ್ಟ್‌ಮೆಂಟ್ ಮಾಡಿದೆ. ಮರುವರ್ಷ ಅಲ್ಲಿಗೂ ಅದೇ ಕೈಬರಹದ ಕಾಗದ ಬಂತು. ನನಗೆ ನಿಜವಾಗಿ ಹೆದರಿಕೆಯಾಯಿತು. ಇವರಿಗೆ ಈ ವಿಳಾಸ ಕೊಟ್ಟವರು ಯಾರು? ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಭಾನುವಾರ ಫೋನ್ ಬಂತು.

“ಮಿಸ್ ಗ್ಯಾದರ್‌ಕೋಲ್ ಜೊತೆ ಮಾತಾಡಬಹುದೇ?”

“ನಾನೇ.”

ಆ ಒಂದು ಮಾತಿಗೇ ನನ್ನ ಉಚ್ಚಾರಣೆ ಅವರಿಗೆ ತಾಳೆಯಾಗಲಿಲ್ಲ ಎಂದು ತಿಳಿಯಿತು. “ನೀವು ಮೂಲತಃ ಎಲ್ಲಿಯವರು?”

“ಇಂಡಿಯಾ.”

“ಈ ಹೆಸರು ನಿಮಗೆ ಹೇಗೆ ಸಿಕ್ಕಿತು?” ಎಂದರು. ರಸ್ತೆಯಲ್ಲಿ ಬಿದ್ದಿದ್ದ ಪರ್ಸ್ ಎತ್ತಿಕೊಂಡವಳನ್ನು ಕೇಳಿದ ಹಾಗಿತ್ತು. ನನಗೆ ಸಿಟ್ಟು ಬಂತು.

“ನಮ್ಮಪ್ಪನಿಂದ ಸಿಕ್ಕಿತು. ನಿಮಗೆ?”

ಅವರು ನಕ್ಕುಬಿಟ್ಟರು. ಒಣ ನಗು, ಆದರೆ ಕೆಟ್ಟದ್ದಲ್ಲ. ಕ್ಷಮೆ ಕೇಳಿದರು. ವಿಳಾಸ ಹೇಗೆ ಸಿಕ್ಕಿತೆಂದು ನಾನು ಕೇಳಿದಾಗ, ಪ್ರತಿ ವರ್ಷ ಹೊಸ ಡೈರೆಕ್ಟರಿ ಬಂದ ವಾರವೇ ಲೈಬ್ರರಿಗೆ ಹೋಗುತ್ತೇನೆ, ಆಸ್ಟಿನ್‌ನಲ್ಲಿ ನಿಮ್ಮ ಹೆಸರು ಇಲ್ಲವಾಗಿ ಡಲ್ಲಾಸ್ ಪುಸ್ತಕದಲ್ಲಿ ಕಾಣಿಸಿತು ಎಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ಅವರ ಮುತ್ತಜ್ಜನ ತಮ್ಮನೊಬ್ಬ ಸೈನ್ಯಕ್ಕೆ ಸೇರಿ ಇಂಡಿಯಾಕ್ಕೆ ಹಡಗು ಹತ್ತಿದ್ದನಂತೆ. ಆಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲವಂತೆ.

ಫೋನ್ ಇಟ್ಟ ಮೇಲೆ ಅತ್ತೆಯ ಕಣ್ಣು ನೆನಪಾಯಿತು.

ಹೋಗಿ ನೋಡೋಣ ಎಂದು ತೀರ್ಮಾನ ಮಾಡುವ ಹೊತ್ತಿಗೆ ಅವಳಿ ಗೋಪುರಗಳು ಬಿದ್ದು ಒಂದು ವರ್ಷವಾಗಿತ್ತು. ಆ ದಿನಗಳಲ್ಲಿ ನನ್ನ ಲೈಸೆನ್ಸ್ ನೋಡಿದವರು ಮುಖ ನೋಡುತ್ತಿದ್ದರು, ಮುಖ ನೋಡಿ ಮತ್ತೆ ಲೈಸೆನ್ಸ್ ನೋಡುತ್ತಿದ್ದರು. ಕಟ್ಟಡದ ಸೈಟುಗಳಲ್ಲಿ ಮಣ್ಣಿನ ಮಾದರಿ ತೆಗೆಯಲು ಹೋದರೆ, ಗೇಟಿನಲ್ಲಿರುವವನು ಆಫೀಸಿಗೆ ಫೋನ್ ಮಾಡಿ, “ನೀವು ಕಳಿಸಿದ್ದು ಇವರನ್ನೇನಾ?” ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಈ ಹೆಸರು ನನ್ನದು ಹೌದೋ ಅಲ್ಲವೋ ಎಂದು ಎಲ್ಲರೂ ಕೇಳುತ್ತಿರುವಾಗ ನನಗೂ ಉತ್ತರ ಬೇಕು ಅನಿಸಿತು.

ಧಾರವಾಡದ ಗೆಳತಿಗೆ ವಿಳಾಸ ಬರೆಸಿ, “ಸಂಜೆ ನಾಲ್ಕಕ್ಕೆ ನನ್ನ ಫೋನ್ ಬರದಿದ್ದರೆ ಪೊಲೀಸರಿಗೆ ಹೇಳು” ಅಂದೆ. “ಮೂರೂವರಿಗೇ ಹೇಳ್ತೇನಿ” ಅಂದಳು.

ಕ್ಲಿಯರ್ ಲೇಕ್‌ನದು ಸಾಮಾನ್ಯವಾದ ಇಟ್ಟಿಗೆ ಮನೆ. ಬಾಗಿಲು ತೆಗೆದವರು ಅವರ ಹೆಂಡತಿ. ಐಸ್ ಹಾಕಿದ ಟೀ ಕೊಟ್ಟರು. ನಾನು ಅದನ್ನು ಬಾಯಿಗೆ ಮುಟ್ಟಿಸಿದ ಹಾಗೆ ಮಾಡಿ ಕೆಳಗಿಟ್ಟೆ. ಅಷ್ಟು ಅನುಮಾನ ನನಗೆ. ಊಟದ ಮೇಜಿನ ತುಂಬ ಫೈಲುಗಳು. ಗೋಡೆಯ ಮೇಲೆ ಪೂರ್ವ ಇಂಗ್ಲೆಂಡಿನ ನಕ್ಷೆ, ಅದರಲ್ಲಿ ಗುಂಡುಪಿನ್ನುಗಳು. ಮುದುಕರು ನೀಳ ಮೈಕಟ್ಟಿನವರು. ಮಾತಾಡುತ್ತಾ ನನ್ನ ಕಿವಿಯನ್ನೇ ನೋಡುತ್ತಿದ್ದರು.

“ಆ ಹುಡುಗಿಯ ಕಿವಿ ನೋಡೋದು ನಿಲ್ಲಿಸು” ಎಂದು ಹೆಂಡತಿ ಗದರಿದರು. ಅವರ ವಂಶದಲ್ಲಿ ಎಲ್ಲರಿಗೂ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿರುತ್ತದಂತೆ. ನನ್ನದೂ ಅಂಟಿಕೊಂಡೇ ಇದೆ.

ಹೆಸರಿನ ಅರ್ಥವನ್ನು ಮೊದಲ ಬಾರಿಗೆ ನಾನು ಕೇಳಿದ್ದು ಆವತ್ತೇ. ‘ಗ್ಯಾದರ್’ ಎಂದರೆ ಕೂಡಿಸುವುದು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ತಕರಾರಿರುವುದು ‘ಕೋಲ್’ ಬಗ್ಗೆ ಎಂದರು. ಹಳೇ ಇಂಗ್ಲಿಷಿನಲ್ಲಿ ಅದು ಕೋಸು, ಸೊಪ್ಪಿನ ಜಾತಿಗೆ ಇದ್ದ ಮಾತು. ಹಾಗಾದರೆ ಇದು ಸೊಪ್ಪು ಕೂಡಿಸಿ ಮಾರುವವನ ಹೆಸರು. ಇದ್ದಿಲಿಗೂ ಅದೇ ಮಾತು. ಹಾಗಾದರೆ ಇದ್ದಿಲು ಆಯುವವನು. ಇನ್ನು ಕೆಲವರು ಅದನ್ನು ಚಳಿ ಎಂದು ಓದುತ್ತಾರೆ. ಮೈಯಲ್ಲಿ ಚಳಿ ಕೂಡಿಸಿಕೊಂಡ ಮುದುಕನಿಗೆ ಹಳ್ಳಿಯವರು ತಮಾಷೆಗೆ ಇಟ್ಟ ಹೆಸರಂತೆ.

“ನಿಮಗೆ ಯಾವುದು ಸರಿ ಅನಿಸುತ್ತೆ?” ಎಂದು ಕೇಳಿದೆ.

“ಅನಿಸೋದರ ಮೇಲೆ ನಾನು ಏನನ್ನೂ ಬರೆಯೋದಿಲ್ಲ” ಎಂದರು. “ಎರಡು ಕಾಗದ ಒಂದೇ ಮಾತು ಹೇಳಬೇಕು. ಆಗ ನಂಬುತ್ತೇನೆ.”

ಇಂಗ್ಲೆಂಡಿನಲ್ಲೂ ಇದು ನಾರ್ಫೋಕ್ ಸುತ್ತಮುತ್ತ ಬಿಟ್ಟರೆ ಅಪರೂಪವಂತೆ. ಅಪರೂಪದ ಹೆಸರಿನ ಲಾಭ ಏನೆಂದರೆ, ಹೊತ್ತವರೆಲ್ಲ ಒಂದೇ ಬುಡದವರಿರಬಹುದು. ಅದಕ್ಕೇ ಅವರು ಹೊಸದೊಂದು ಪರೀಕ್ಷೆ ಮಾಡಿಸುತ್ತಿದ್ದರು. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ಒಂದು ಗುರುತು ರಕ್ತದಲ್ಲಿರುತ್ತದೆ, ಕೆನ್ನೆಯ ಒಳಗೆ ಒಂದು ಕಡ್ಡಿ ಉಜ್ಜಿ ಕಳಿಸಿದರೆ ಅದನ್ನು ಹೋಲಿಸಿ ನೋಡುತ್ತಾರೆ. ತಾವು ಕೊಟ್ಟಿದ್ದಾರೆ. ಡಲ್ಲಾಸ್‌ನಲ್ಲಿರುವ ಒಬ್ಬ ದಾಯಾದಿ, ಅದೇ ಹೆಸರಿನ ನಾರ್ಫೋಕ್‌ನ ಒಬ್ಬ ರೈತ ಕೊಡುವವರಿದ್ದಾರೆ. ಹೆಣ್ಣಿನಿಂದ ಪ್ರಯೋಜನವಿಲ್ಲ, ನಿಮ್ಮ ತಂದೆಯವರ ಎಂಜಲು ಬೇಕು ಎಂದರು.

ನಾಲ್ಕಕ್ಕೆ ಹದಿನೈದು ನಿಮಿಷ ಇರುವಾಗ ಗೆಳತಿಗೆ ಫೋನ್ ಮಾಡಿ ಇದನ್ನು ಹೇಳಿದೆ. “ಎಂಜಲ ಕೇಳ್ತಾನಾ? ಎದ್ದು ಬಾ ಮೊದಲ” ಅಂದಳು.

ಮುಂದಿನ ಮೇ ತಿಂಗಳಲ್ಲಿ ಅಪ್ಪ ಯೂಲೆಸ್‌ಗೆ ಬಂದರು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು, ಆರು ತಿಂಗಳು ನನ್ನ ಜೊತೆ ಇರಲಿ ಎಂದು ನಾನೇ ಕರೆಸಿಕೊಂಡಿದ್ದೆ. ವಿಮಾನ ನಿಲ್ದಾಣದಲ್ಲಿ ಅವರನ್ನು ಹೊರಗೆ ಬಿಡುವುದು ತಡವಾಯಿತು. ಅಧಿಕಾರಿ ಪಾಸ್‌ಪೋರ್ಟನ್ನು ಮೂರು ಸಲ ತಿರುವಿ ನೋಡಿದನಂತೆ. ಕಾರಿನಲ್ಲಿ ಕೂತವರೇ, “ನನ್ನ ಹೆಸರು ನನ್ನದೇನಾ ಅಂತ ಕೇಳಿದ” ಅಂದರು. ಆ ಮಾತಿಗೆ ನಾನು ಮುದುಕರ ವಿಷಯ ತೆಗೆದೆ. ಅಪ್ಪನ ಮುಖ ಗಟ್ಟಿಯಾಯಿತು.

“ಯಾರಿಗೆ ಏನು ಹೇಳಿದ್ದೀಯ?”

“ಏನೂ ಹೇಳಿಲ್ಲ. ನನಗೇ ಏನೂ ಗೊತ್ತಿಲ್ಲವಲ್ಲ.”

ಒಂದು ವಾರ ಆ ಮಾತು ಬರಲಿಲ್ಲ. ಎಂಟನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, “ಆ ಮನುಷ್ಯನ ಹತ್ತಿರ ಹೋಗೋಣ. ಅವನು ತಪ್ಪು ದಾರಿಯಲ್ಲಿ ಹುಡುಕ್ತಾ ಇದ್ದಾನೆ, ವಯಸ್ಸಾದವನು, ಪಾಪ” ಎಂದರು. ಹೆಚ್ಚು ಹೇಳಲಿಲ್ಲ. ಪೆಟ್ಟಿಗೆಯಿಂದ ಒಂದು ಹಳೇ ಡೈರಿ ತೆಗೆದು ಚೀಲದಲ್ಲಿಟ್ಟುಕೊಂಡರು. ಅವರು ಅದನ್ನು ತುಮಕೂರಿನಿಂದಲೇ ತಂದಿದ್ದರು. ನಾನು ಕಾಗದಗಳ ವಿಷಯ ಹೇಳುವ ಮುಂಚೆಯೇ ಯಾಕೆ ತಂದಿದ್ದರು ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಕ್ಲಿಯರ್ ಲೇಕ್‌ನ ಊಟದ ಮೇಜಿನಲ್ಲಿ ಅಪ್ಪ, ಆ ಮುದುಕರು ಎದುರುಬದುರು ಕೂತರು. ಅಪ್ಪ ಡೈರಿ ತೆರೆದು, ತಮ್ಮ ಅಂಚೆ ಕಚೇರಿಯ ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ಇಪ್ಪತ್ತೆರಡು ವರ್ಷದವರಾಗಿದ್ದಾಗ ಮಿಷನ್ ಮನೆಯ ಹಳೇ ದಾಖಲೆ ಪುಸ್ತಕದಿಂದ ನಕಲು ಮಾಡಿಕೊಂಡದ್ದು. ನಮ್ಮ ಮುತ್ತಜ್ಜನ ಸಾಲು. ಅನಾಥ ಗಂಡುಮಗು, ಸುಮಾರು ಐದು ವರ್ಷ. ಸಂತೆ ಮೈದಾನದಲ್ಲಿ ಸಿಕ್ಕಿದ್ದು. ತಂದೆತಾಯಿ ಹೆಸರು ತಿಳಿಯದು. ಜಾತಿ ತಿಳಿಯದು. ಪಕ್ಕದಲ್ಲಿ, ಆ ಮಗುವಿನ ಖರ್ಚಿಗೆ ಇಂಗ್ಲೆಂಡಿನಿಂದ ನೆರವು ಕಳಿಸುತ್ತಿದ್ದವರ ಹೆಸರು: ಗ್ಯಾದರ್‌ಕೋಲ್. ಆ ಕಾಲದಲ್ಲಿ ಯಾರು ನೆರವು ಕೊಡುತ್ತಾರೋ ಅವರ ಹೆಸರನ್ನೇ ಮಗುವಿಗೆ ಇಡುತ್ತಿದ್ದರಂತೆ.

ನಾನು ಆ ಮನೆಯ ಕಾರ್ಪೆಟ್ ನೋಡುತ್ತಾ ಕೂತೆ. ಹೈಸ್ಕೂಲಿನಿಂದ ನಾನು ನಂಬಿಕೊಂಡು ಬಂದ, ನಾಚಿಕೆಯ ಜೊತೆ ಒಂದಿಷ್ಟು ಜಂಬವನ್ನೂ ಪಟ್ಟ ಕಥೆ ಅಪ್ಪನ ಡೈರಿಯ ಆರು ಸಾಲಿನಲ್ಲಿ ಮುಗಿದುಹೋಯಿತು.

ಮುದುಕರು ಕನ್ನಡಕ ಸರಿಮಾಡಿಕೊಂಡರು. “ಇದು ಒಂದು ಕಾಗದ” ಎಂದರು. “ಅದೂ ನಕಲು. ಮೂಲ ಎಲ್ಲಿದೆ?”

“ಗೆದ್ದಲು ತಿಂದುಹೋಯಿತು.”

“ನಮ್ಮ ಕಡೆಯ ಒಬ್ಬ ಇಂಡಿಯಾದಲ್ಲಿ ಕಾಣೆಯಾಗಿದ್ದಾನೆ. ನಿಮಗೆ ಅದೇ ಹೆಸರಿದೆ. ಮಿಷನ್‌ನವರು ಮರ್ಯಾದೆ ಉಳಿಸಲು ಏನಾದರೂ ಬರೆದಿರಬಹುದಲ್ಲವೇ?”

ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನಾನು ಸುಳ್ಳು ಹೇಳ್ತಾ ಇದ್ದೀನಿ ಅಂತಾನಾ ಇವನು?” ಎಂದರು.

“ಇಲ್ಲಪ್ಪಾ, ಅವರು ಎಲ್ಲರ ಮೇಲೂ ಅನುಮಾನ ಪಡ್ತಾರೆ.”

“ಎಲ್ಲಿದೆ ಆ ಕಡ್ಡಿ? ಕೊಡೋಕೆ ಹೇಳು.”

ಸಿಟ್ಟಿನಲ್ಲಿ ಬಾಯಿ ತೆರೆದು ಅಪ್ಪ ಕೆನ್ನೆಯೊಳಗೆ ಕಡ್ಡಿ ಉಜ್ಜಿಕೊಂಡ ರೀತಿ ನೋಡಿ ಮುದುಕರ ಹೆಂಡತಿ ನಗು ತಡೆಯಲಾರದೆ ಅಡಿಗೆಮನೆಗೆ ಹೋದರು.

ಹಿಂದಿರುಗುವಾಗ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆ. ಅಪ್ಪ ಕಾರಿಂದ ಇಳಿಯಲಿಲ್ಲ. ನಾನು ಬಂದು ಕೂತ ಮೇಲೆ ಮಾತಾಡಿದರು.

“ನೀನು ಕೇಳಿದಾಗ ಹೇಳಬೇಕಿತ್ತು. ಹೇಳಲಿಲ್ಲ. ಊರಲ್ಲಿ ಎಲ್ಲರೂ ನಮ್ಮನ್ನ ಬಿಳಿಯರ ಕಡೆಯವರು ಅಂದುಕೊಂಡಿದ್ರು. ಹಿಂದೆ ಆಡಿಕೊಳ್ಳೋರು, ಎದುರಿಗೆ ಬಂದಾಗ ಕುರ್ಚಿ ಹಾಕೋರು. ಆ ಹೆಸರು ಇದ್ದದ್ದಕ್ಕೆ ನೀವು ಯಾವ ಜನ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದುಕೊಳ್ಳಲಿ ಬಿಡು ಅಂತ ಸುಮ್ಮನಿದ್ದೆ.” ಆಮೇಲೆ, “ನಿಜ ಹೇಳಬೇಕಂದ್ರೆ ನನಗೂ ಅನುಮಾನ ಇತ್ತು. ಮಿಷನ್‌ನವರು ಸುಳ್ಳು ಬರೆದಿರಬಹುದಾ ಅಂತ ಅವನು ಕೇಳಿದ ಪ್ರಶ್ನೇನ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೀನಿ” ಎಂದರು.

ನಾನು ಕಾರು ಶುರು ಮಾಡಿ ಯೂಲೆಸ್ ದಾರಿ ಹಿಡಿದೆ.

ಫಲಿತಾಂಶ ಬರುವುದಕ್ಕೆ ಬೇಸಿಗೆ ಕಳೆಯಿತು. ಸೆಪ್ಟೆಂಬರಿನ ಒಂದು ಸಂಜೆ ಮುದುಕರ ಫೋನ್. ನಾನು ಸ್ಪೀಕರ್ ಹಾಕಿದೆ. ಪರೀಕ್ಷೆಯ ಸಂಖ್ಯೆಗಳನ್ನು ಒಂದೊಂದಾಗಿ ಓದಿದರು. ಅಪ್ಪನ ಗುರುತು ಯಾವ ಗ್ಯಾದರ್‌ಕೋಲ್‌ಗೂ ಹೊಂದುವುದಿಲ್ಲ, ಹತ್ತಿರವೂ ಇಲ್ಲ. “ನಿಮ್ಮ ಡೈರಿ ಸರಿ ಇತ್ತು, ನಾನು ಅನುಮಾನ ಪಟ್ಟದ್ದಕ್ಕೆ ಕ್ಷಮಿಸಿ” ಎಂದರು. ಅಪ್ಪ, “ಪರವಾಗಿಲ್ಲ” ಎಂದರು. ಅವರ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ, ನೋವೂ ಕಾಣಲಿಲ್ಲ. ಮುಗಿಯಿತು ಎಂದು ನಾನು ಫೋನಿಗೆ ಕೈಚಾಚಿದೆ. ಆದರೆ ಮುದುಕರು ಇನ್ನೂ ಲೈನಿನಲ್ಲಿದ್ದರು.

“ಇನ್ನೊಂದು ವಿಷಯ. ಡಲ್ಲಾಸ್‌ನ ನನ್ನ ದಾಯಾದಿಗೂ ನಾರ್ಫೋಕ್‌ನ ರೈತನಿಗೂ ಹೊಂದುತ್ತದೆ. ನನ್ನದು ಹೊಂದುವುದಿಲ್ಲ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅಪ್ಪನಿಗೆ ಆಯಿತು.

“ಎರಡನೇ ಸಲ ಕಳಿಸಿ ನೋಡಿದೆ” ಎಂದರು ಮುದುಕರು. “ಎರಡು ಕಾಗದವೂ ಅದನ್ನೇ ಹೇಳುತ್ತವೆ. ನನ್ನ ಸಾಲಿನಲ್ಲಿ ಎಲ್ಲೋ ಒಂದು ಮಗು ಈ ಹೆಸರಿಗೆ ಹೊರಗಿನಿಂದ ಬಂದಿದೆ. ನನ್ನ ತಂದೆಯೋ, ಅಜ್ಜನೋ, ಗೊತ್ತಿಲ್ಲ. ಹನ್ನೆರಡು ವರ್ಷ ಹುಡುಕಿದ್ದೀನಿ.” ಅವರು ತಮ್ಮ ತಾಯಿಯ ಬಗ್ಗೆ, ಅಜ್ಜಿಯ ಬಗ್ಗೆ ಈಗ ಏನು ಯೋಚಿಸುತ್ತಿರಬಹುದು ಎಂದು ನೆನೆದು ನನಗೆ ಕಸಿವಿಸಿಯಾಯಿತು.

ಅಪ್ಪ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡರು. “ಸರ್, ನನಗೆ ಇದರಲ್ಲಿ ನಲವತ್ತು ವರ್ಷದ ಅನುಭವ ಇದೆ. ನೀವು ಹೊಸಬರು. ಮೊದಲ ಸ್ವಲ್ಪ ದಿನ ಎಲ್ಲರ ಮುಖವನ್ನೂ ಅನುಮಾನದಿಂದ ನೋಡುತ್ತೀರಿ, ಸತ್ತವರ ಮುಖವನ್ನೂ. ಆಮೇಲೆ ಸುಸ್ತಾಗುತ್ತದೆ.”

ಆ ಕಡೆಯಿಂದ ಒಣ ನಗು ಕೇಳಿಸಿತು. ಆಮೇಲೆ ಇಬ್ಬರೂ ಒಂದು ಗಂಟೆ ಮಾತಾಡಿದರು. ನಾನು ಅನ್ನಕ್ಕಿಡಲು ಎದ್ದು ಹೋದೆ. ನಡುವೆ ಕಿವಿಗೆ ಬಿದ್ದದ್ದು ಹಡಗುಗಳ ಮಾತು, ಟೊಮೆಟೊ ಗಿಡದ ಹುಳುವಿನ ಮಾತು, ಅಪ್ಪನ ಕಾಲದ ಮನಿಯಾರ್ಡರ್ ಫಾರಂ ಮಾತು.

ಮುದುಕರು ಹುಡುಕುವುದನ್ನು ನಿಲ್ಲಿಸಲಿಲ್ಲ. ನಮ್ಮ ಮುತ್ತಜ್ಜನಿಗೆ ನೆರವು ಕಳಿಸಿದ ಆ ಗ್ಯಾದರ್‌ಕೋಲ್ ಯಾರು ಎಂದು ಇಂಗ್ಲೆಂಡಿನ ಚರ್ಚುಗಳಿಗೆ ಕಾಗದ ಬರೆದರು. ಗಂಡೋ ಹೆಣ್ಣೋ ಅದೂ ತಿಳಿಯಲಿಲ್ಲ. ಡಲ್ಲಾಸ್‌ನ ದಾಯಾದಿ ಮಾತ್ರ ಆಮೇಲೆ ಅವರ ಜೊತೆ ಮೊದಲಿನಂತೆ ಮಾತಾಡಲಿಲ್ಲ ಎಂದು ಅವರ ಹೆಂಡತಿ ನನಗೆ ಹೇಳಿದರು. ಆತನಿಗೆ ಏನನಿಸಿತೋ. ನನ್ನ ಕಡೆ ನೋಡಿದರೆ, ಇದ್ದ ಅನುಮಾನ ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬಂತು. ಸಂತೆ ಮೈದಾನದಲ್ಲಿ ಐದು ವರ್ಷದ ಮಗುವಿಗೆ ತನ್ನ ಹೆಸರು ಗೊತ್ತಿರಲಿಲ್ಲವೇ? ಯಾರೂ ಕೇಳಲಿಲ್ಲವೇ? ಅಪ್ಪನಲ್ಲಿ ಇದನ್ನು ಹೇಳಿದೆ. “ಹೇಳಿರುತ್ತೆ. ಬರೆದುಕೊಂಡಿರಲ್ಲ” ಅಂದರು.

ನವೆಂಬರಿನಲ್ಲಿ, ಅಪ್ಪ ಊರಿಗೆ ಹೊರಡುವ ಹಿಂದಿನ ವಾರ, ಕನ್ನಡದವರ ರಾಜ್ಯೋತ್ಸವಕ್ಕೆ ಹೋಗಿದ್ದೆವು. ಊಟದ ಸಾಲಿನಲ್ಲಿ ಪಕ್ಕದ ಊರು ಫ್ಲವರ್ ಮೌಂಡ್‌ನಿಂದ ಬಂದಿದ್ದ ಒಬ್ಬ ಅಂಕಲ್ ಅಪ್ಪನ ಎದೆಗೆ ಅಂಟಿಸಿದ್ದ ಚೀಟಿ ಓದಿ, ಮುಖ ನೋಡಿ, ಮತ್ತೆ ಚೀಟಿ ಓದಿದರು.

“ಇದೇನ್ ಸಾರ್, ಹೆಸರು ಹೀಗಿದೆ? ಅಚ್ಚ ಕನ್ನಡ ಮಾತಾಡ್ತೀರಿ!”

ಅಪ್ಪ ತಟ್ಟೆ ಹಿಡಿದುಕೊಂಡೇ ಹೇಳಿದರು. “ನಮ್ಮ ತಾತ ಸಂತೇಲಿ ಸಿಕ್ಕ ಮಗು. ಇಂಗ್ಲೆಂಡಿನಲ್ಲಿ ಯಾರೋ ನೆರವು ಕೊಟ್ಟರು. ಅವರ ಹೆಸರು ಇಟ್ಟರು.”

ನಾನು ಹಿಂದೆ ನಿಂತಿದ್ದೆ. ಅಪ್ಪ ಅದನ್ನು ನಮ್ಮ ಕನ್ನಡದವರ ಮುಂದೆ ಹೇಳಿದ್ದು ಅದೇ ಮೊದಲು. ಅಂಕಲ್ ಒಂದು ನಿಮಿಷ ಗಲಿಬಿಲಿಗೊಂಡರು. ಆಮೇಲೆ ಸ್ವಲ್ಪ ಬಾಗಿ, ದನಿ ತಗ್ಗಿಸಿ ಕೇಳಿದರು. “ಹಾಗಾದ್ರೆ ಮೂಲದಲ್ಲಿ ತಾವು ಯಾವ ಪೈಕಿ?”

“ಗೊತ್ತಿಲ್ಲ” ಎಂದರು ಅಪ್ಪ. ಬಿಸಿಬೇಳೆಭಾತು ಬಡಿಸುತ್ತಿದ್ದ ಹೆಂಗಸಿನ ಮುಂದೆ ತಟ್ಟೆ ಹಿಡಿದು, “ಇನ್ನೊಂದು ಸ್ವಲ್ಪ ಹಾಕಮ್ಮ” ಎಂದರು.